ಬೆಳ್ಳಿ ಆಡಿದ ಮಾತು

'ಸಂಸ್ಕಾರ' ಕಾದಂಬರಿ ಬಂದದ್ದು 1965ರಲ್ಲಿ. ಆವತ್ತಿನಿಂದ ಪ್ರಾಣೇಶಾಚಾರ್ಯರ ಸಂಕಟದ ಬಗ್ಗೆ ಬಂದ ವಿಮರ್ಶೆಯನ್ನೆಲ್ಲ ಒಟ್ಟಿದರೆ ಒಂದು ಗಾಡಿ ಹೇರಾದೀತು. ಅದರಲ್ಲಿ ಹೊಲಗೇರಿಯ ಬೆಳ್ಳಿಗೆ ಸಿಕ್ಕಿರುವುದೆಷ್ಟು? ಅಲ್ಲೊಂದು ಸಾಲು, ಇಲ್ಲೊಂದು ಸಾಲು. ಅದೂ ಅವಳ ಮೈಯ ಬಗ್ಗೆ.

ಶ್ರೀಪತಿ ಆಚಾರ್ಯರ ಬಾಯಿಂದ ಶಕುಂತಲೆಯ ವರ್ಣನೆ ಕೇಳುತ್ತಾನೆ, ಮೈ ಬಿಸಿಯಾಗಿ ಬೆಳ್ಳಿಯನ್ನು ಹುಡುಕಿಕೊಂಡು ಬರುತ್ತಾನೆ. ದುರ್ಗಾಭಟ್ಟ ಚಂದ್ರಿಯನ್ನು ನೋಡಿ ರವಿವರ್ಮನ ಪಟದ ಮತ್ಸ್ಯಗಂಧಿಯನ್ನು ನೆನೆಯುತ್ತಾನೆ. ಅಗ್ರಹಾರದ ಗಂಡಸಿನ ಕಣ್ಣಿಗೆ ಕೆಳಗಿನ ಹೆಣ್ಣು ಹೆಣ್ಣಾಗಿ ಕಾಣೋದೇ ಇಲ್ಲ. ಒಂದೋ ಸಂಸ್ಕೃತ ಶ್ಲೋಕ, ಇಲ್ಲಾ ಗೋಡೆಯ ಪಟ.

ಆದರೆ ಬೆಳ್ಳಿ ಬಾಯಿ ಬಿಡುತ್ತಾಳೆ. ಗುಡಿಸಲಿಗೆ ಇಲಿಗಳು ಬಂದು ಬಿದ್ದು ಸಾಯುತ್ತಿರುವುದನ್ನು ಹೇಳುತ್ತಾಳೆ. ಕೇರಿಯಲ್ಲಿ ಸಾವಾಗಿದೆ, ಅಪ್ಪ ಅವ್ವನ ಮೈ ಜ್ವರದಲ್ಲಿ ಸುಡುತ್ತಿದೆ ಎನ್ನುತ್ತಾಳೆ. ಶ್ರೀಪತಿಗೆ ಬೇಸರ. ಅವನಿಗೆ ಬೇಕಾದ್ದು ಅವಳ ಮೈ, ಬಾಯಲ್ಲ. ಗೆಳೆಯರೆ, ಇದನ್ನು ಸ್ವಲ್ಪ ನಿಂತು ಯೋಚಿಸಿ. ಹೆಣ ಯಾರು ಸುಡಬೇಕು ಅಂತ ಬ್ರಾಹ್ಮಣರು ಶಾಸ್ತ್ರ ತಿರುವುತ್ತಿದ್ದ ಹೊತ್ತಿನಲ್ಲೇ ಕೇರಿಯ ಹುಡುಗಿ ಪ್ಲೇಗಿನ ಸುದ್ದಿ ಹೇಳಿ ಮುಗಿಸಿದ್ದಳು. ಕೇಳುವ ಕಿವಿ ಇರಲಿಲ್ಲ. ಅನಂತಮೂರ್ತಿಯವರು ಶ್ರೀಪತಿಯ ಈ ಕಿವುಡನ್ನು ಕಂಡರು, ಬರೆದರು. ಅದು ದೊಡ್ಡದೇ. ಆದರೆ ಕಾದಂಬರಿಯೂ ಬೆಳ್ಳಿಯ ಹಿಂದೆ ಕೇರಿಗೆ ಹೋಗಲಿಲ್ಲ.

ಚಂದ್ರಿಯ ಕತೆಯೂ ಅಷ್ಟೇ. ಪುಣ್ಯವಂತನಿಂದ ಬಸಿರಾಗಬೇಕೆಂಬ ಆಸೆ ಅವಳಿಗಿದೆ. ಇಡೀ ಅಗ್ರಹಾರಕ್ಕೆ ಆಗದ ಕೆಲಸವನ್ನು ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಮುಗಿಸಿ, ನಾರಣಪ್ಪನ ಹೆಣ ಸುಟ್ಟು, ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾಡಿನ ಆ ರಾತ್ರಿಯ ಅರ್ಥ ಹುಡುಕುವುದಕ್ಕೆ ಕಾದಂಬರಿ ಮಾತ್ರ ಆಚಾರ್ಯರ ಬೆನ್ನು ಹತ್ತಿ ಮೇಳಿಗೆ ತೇರಿಗೆ ಹೋಗುತ್ತದೆ. ಆ ರಾತ್ರಿ ಚಂದ್ರಿಗೆ ಆದದ್ದು ಸುಖವೇ, ಕನಿಕರವೇ, ಭಯವೇ? ಕುಂದಾಪುರಕ್ಕೆ ಹೋಗಿ ಕೇಳಿದ ವಿಮರ್ಶಕ ಯಾರೂ ಇಲ್ಲ.

ಕೇಳುವ ಬದಲು ಒಂದು ಬಿರುದು ಕೊಟ್ಟರು: ಇವರು 'ಮುಕ್ತ' ಹೆಂಗಸರು, ಪ್ರಕೃತಿಯ ಮಕ್ಕಳು. ಅಗ್ರಹಾರದ ಹೆಂಡಿರು ಒಣಗಿದವರು, ಕೇರಿಯ ಹೆಣ್ಣು ಮಾಗಿದವಳು. ಎರಡನ್ನೂ ಅಳೆದ ಕೊಳಗ ಒಂದೇ, ಗಂಡಸಿನ ಹಸಿವು. ಭಾಗೀರಥಿಯ ಕಾಯಿಲೆಯ ಮೈಗೂ ಆಸೆ ಇತ್ತೇನೋ, ಯಾರು ವಿಚಾರಿಸಿದರು? ಬೆಳಗಿನಿಂದ ಬೈಗಿನವರೆಗೆ ಬಗ್ಗಿ ನಾಟಿ ಹಾಕಿದವಳ ಸೊಂಟಕ್ಕೆ 'ಮುಕ್ತಿ' ಅಂದರೆ ನೆಟ್ಟಗೆ ಮಲಗಿ ಒಂದು ರಾತ್ರಿ ನಿದ್ದೆ ಮಾಡೋದು. ಇದು ನವ್ಯದ ಸೌಂದರ್ಯಶಾಸ್ತ್ರದಲ್ಲಿ ಬರೋದಿಲ್ಲ.

ಇದು ಬರೀ ಸಾಹಿತ್ಯದ ಜಗಳ ಅಂತ ತಿಳಿಯಬೇಡಿ. 'ಅವಳು ಮುಕ್ತಳು' ಅನ್ನೋ ಮಾತು ಕೋರ್ಟಿನ ಕಟ್ಟೆ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಮಥುರಾ ಪ್ರಕರಣ ಇದೆ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸರು ಅತ್ಯಾಚಾರ ಮಾಡಿದರೆಂಬ ದೂರು. ಸೆಷನ್ಸ್ ನ್ಯಾಯಾಲಯ ಅವಳಿಗೆ ಸಂಭೋಗದ ರೂಢಿ ಇದೆ ಎಂದು ಹೇಳಿ ಅವರನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟು ಮೈಮೇಲೆ ಗಾಯವಿಲ್ಲ ಎಂಬುದನ್ನು ಮುಂದೆ ಮಾಡಿ ಮತ್ತೆ ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಇದನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಹಿಂದೊಮ್ಮೆ ಒಬ್ಬನಿಗೆ ಹೂಂ ಅಂದವಳು ಇನ್ನು ಯಾರಿಗೂ ಊಹೂಂ ಅನ್ನುವ ಹಾಗಿಲ್ಲ ಎಂಬುದೇ ಆ ನ್ಯಾಯದ ತಿರುಳು. ಶ್ರೀಪತಿಯ ಕಿವುಡು ಕರಿಕೋಟು ಹಾಕಿಕೊಂಡರೆ ಹೀಗೇ ಇರುತ್ತದೆ.

ಹಾಗಾದರೆ ನಮ್ಮವರು ಏನು ಮಾಡಿದರು? ಬಂಡಾಯದ ಕತೆ ಕವಿತೆಗಳು ಈ ಸುಳ್ಳು 'ಮುಕ್ತಿ'ಯ ಮುಖವಾಡ ಕಿತ್ತವು. ಗೌಡನ ಗದ್ದೆಯಲ್ಲಿ, ಕಣದಲ್ಲಿ, ಹುಲ್ಲಿನ ಬಣವೆಯ ಮರೆಯಲ್ಲಿ ನಡೆದದ್ದು ಪ್ರೇಮವಲ್ಲ, ಅತ್ಯಾಚಾರ ಎಂದು ಹೆಸರಿಟ್ಟು ಹೇಳಿದವು. ಗೀತಾ ನಾಗಭೂಷಣ ತಮ್ಮ ಕಾದಂಬರಿಗೆ 'ಹಸಿಮಾಂಸ ಮತ್ತು ಹದ್ದುಗಳು' ಎಂದು ಹೆಸರಿಟ್ಟಾಗ ಆ ಹೆಸರೇ ಒಂದು ದೂರಾಗಿತ್ತು. ಅದು ಬೇಕಿತ್ತು. ಈಗಲೂ ಬೇಕು.

ಆದರೆ ಅಲ್ಲಿಗೇ ನಿಂತರೆ ಮೋಸ. ನಮ್ಮ ಎಷ್ಟೋ ಪದ್ಯಗಳಲ್ಲಿ ಕೇರಿಯ ಹೆಣ್ಣು ಗಾಯವಾದಾಗ ಮಾತ್ರ ಬರ್ತಾಳೆ. ಗಾಯ ತೋರಿಸಿ, ಸಿಟ್ಟು ಬರಿಸಿ, ಹೊರಟು ಹೋಗ್ತಾಳೆ. 'ನಮ್ಮ ಅಕ್ಕತಂಗಿಯರ ಮಾನ' ಅಂತ ವೇದಿಕೆಯಿಂದ ಕೂಗುತ್ತೇವೆ. ಯಾರ ಮಾನ ಅದು? ಗೌಡನಿಗೆ ಅವಳು ಮಾಂಸ, ನಮಗೆ ಅವಳು ಮಾನ. ಅವಳಿಗೆ ಅವಳು ಏನು? 'ಕುಸುಮಬಾಲೆ' (1984) ಜಾತಿ ದಾಟಿದ ಆಸೆಯನ್ನು ಕನ್ನಡದಲ್ಲಿ ಯಾರೂ ಬರೆಯದ ಹಾಗೆ ಬರೆಯಿತು. ಆದರೆ ಅಲ್ಲಿ ಆಸೆಪಟ್ಟ ಕುಸುಮ ಮೇಲ್ಜಾತಿಯವಳು, ಕೊಲೆಯಾದ ಚನ್ನ ನಮ್ಮವನು. ನಮ್ಮ ಕೇರಿಯ ಹೆಣ್ಣು ತಾನಾಗಿ ಒಬ್ಬನನ್ನು ಮೆಚ್ಚಿದ, ಒಬ್ಬನನ್ನು ಬೇಡ ಅಂದ ಕತೆಗಳನ್ನು ಎಣಿಸಲು ಹೋದರೆ ಒಂದು ಕೈಯ ಬೆರಳೂ ಪೂರಾ ಮಡಚುವುದು ಕಷ್ಟ.

ಬಾಯಿ ಇಲ್ಲದ್ದಕ್ಕೆ ಹೀಗಾಯಿತೇ? ಸುಳ್ಳು. ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆಯದು ಸಿಕ್ಕಿರುವುದು ಒಂದೇ ಒಂದು ವಚನ. ಅವಳ ಅಂಕಿತ 'ನಿರ್ಲಜ್ಜೇಶ್ವರ'. ಭಕ್ತಿಯ ನಿಷ್ಠೆ ಹೇಳುವುದಕ್ಕೆ ಅವಳು ಎಲ್ಲಿಂದಲೋ ಉಪಮೆ ಸಾಲ ತರಲಿಲ್ಲ. ತನ್ನ ಕಸುಬಿನ ಒತ್ತೆಯ ಲೆಕ್ಕವನ್ನೇ ಮುಂದಿಟ್ಟಳು. ನಾಚಿಕೆ ಅನ್ನೋದು ಯಾರು ಯಾರಿಗೆ ಹೊರಿಸಿದ ಹೊರೆ ಎಂದು ಅವಳಿಗೆ ಗೊತ್ತಿತ್ತು. ದೇವರಿಗೇ ನಾಚಿಕೆ ಬಿಡಿಸಿದಳು.

ಈಗಲೂ ಕಳೆ ಕೀಳುವ ಸಾಲಿಗೆ ಹೋಗಿ ಕೇಳಿ. ಗಂಡನ ಚಪಲ, ಕುಡುಕನ ನಾತ, ಒಳ್ಳೆಯ ರಾತ್ರಿ, ಕೆಟ್ಟ ರಾತ್ರಿ ಎಲ್ಲ ಅಲ್ಲಿ ನಗೆಯಲ್ಲಿ ಬರುತ್ತದೆ. ಸಂಘದ ಹುಡುಗ ಹತ್ತಿರ ಬಂದ ಕೂಡಲೆ ಮಾತು ನಿಲ್ಲುತ್ತದೆ. ಆಮೇಲೆ ಅವನು 'ನಮ್ಮ ಹೆಂಗಸರು ಮೂಕರು' ಅಂತ ಕವಿತೆ ಬರೀತಾನೆ.

ಮುಟ್ಟು ಅಂದರೆ ಸ್ಪರ್ಶ. ಮುಟ್ಟು ಅಂದರೆ ಹೆಣ್ಣಿನ ತಿಂಗಳ ರಕ್ತ. ಮುಟ್ಟಿಸಿಕೊಳ್ಳದವರು ಅಂದರೆ ನಾವು. ಒಂದೇ ಮಾತಿನೊಳಗೆ ಜಾತಿಯೂ ಹೆಣ್ಣಿನ ಮೈಯೂ ಹೀಗೆ ಗಂಟು ಬಿದ್ದಿವೆ. ಕೇರಿಯ ಹೆಣ್ಣು ಜಾತಿಯಿಂದ ಒಂದು ಸಲ, ತಿಂಗಳಿಂದ ಇನ್ನೊಂದು ಸಲ ಹೊರಗಾಗ್ತಾಳೆ. ರಾತ್ರಿ ಗೌಡನಿಗೆ ಮಾತ್ರ ಮೈಲಿಗೆ ಇಲ್ಲ! ಈ ಗಂಟು ಬಿಚ್ಚದೆ ಬರೆದ ಅಸ್ಪೃಶ್ಯತೆಯ ಕಾವ್ಯ ಅರ್ಧ ಕಾವ್ಯ.

ಇನ್ನೊಂದು ಮಾತು, ಸ್ವಲ್ಪ ಕಹಿಯಾಗಿಯೇ ಇರಲಿ. ಗೌಡನ ರಾತ್ರಿ ಬರೆದೆವು, ನಮ್ಮ ಗುಡಿಸಲ ರಾತ್ರಿ ಬರೆದೆವೆ? ಕೂಲಿ ಮಾಡಿ ಬಂದು, ಸೌದೆ ಊದಿ ಅಡಿಗೆ ಮಾಡಿ, ಮಗುವಿಗೆ ಹಾಲು ಕೊಟ್ಟು ಒರಗಿದವಳು 'ಇವತ್ತು ಬ್ಯಾಡ' ಅಂದರೆ ಏನಾಗುತ್ತದೆ? 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೂಡ ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಬಲಾತ್ಕಾರ ಮಾಡಿದರೆ ಅದನ್ನು ಅತ್ಯಾಚಾರ ಎಂದು ಕರೆಯುವುದಿಲ್ಲ. ಮನುವನ್ನು ಸುಟ್ಟ ಅಂಬೇಡ್ಕರರ ಮಕ್ಕಳು ನಾವು. ಕದ ಮುಚ್ಚಿದ ಮೇಲೆ ಒಳಗೆ ಮನು ಮಲಗಿದ್ದರೆ ನಮ್ಮ ಬಂಡಾಯ ಹೊಸಿಲ ಆಚೆಗಿನದು ಅಷ್ಟೆ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ತಮ್ಮ ತಂಗಿಯರಿಗೆ ಒಂದು ಕೆಲಸ ಹೇಳುತ್ತೇನೆ. 'ಸಂಸ್ಕಾರ' ಚರ್ಚೆಗೆ ಬಂದಾಗ ಆಚಾರ್ಯರ ಧರ್ಮಸಂಕಟ ಐದು ನಿಮಿಷ ಪಕ್ಕಕ್ಕಿರಲಿ. ಬೆಳ್ಳಿ ಮಾತಾಡುವ ಪುಟ ತೆಗೆದು, ತರಗತಿಯ ಹುಡುಗಿಯರ ಕೈಲೇ ಗಟ್ಟಿಯಾಗಿ ಓದಿಸಿ. ಅವಳಿಗೆ ಆ ಹೊತ್ತು ಏನು ಬೇಕಿತ್ತು ಅಂತ ಕೇಳಿ. ಹುಡುಗರು ಬಾಯಿ ಹಾಕದೆ ಸುಮ್ಮನೆ ಕೂತು ಕೇಳಲಿ.