ನರಿ ಮತ್ತು ಪಂದ್ಯದ ಪಾರಿವಾಳ: ಗೂಡು ಕಾಯುವ ಬ್ರಿಟಿಷ್ ರೂಢಿಗಳ ವಿಮರ್ಶೆ

ಬ್ರಿಟನ್ನಿನಲ್ಲಿ ಪಂದ್ಯದ ಪಾರಿವಾಳದ ಗೂಡು ಎಂದರೆ ಸಾಮಾನ್ಯವಾಗಿ ನೆಲದ ಮೇಲೆ ನಿಲ್ಲಿಸಿದ ಮರದ ಮನೆ. ಕೆಲವು ಗೂಡುಗಳು ಮನೆಯ ಹಿತ್ತಿಲಿನಲ್ಲಿರುತ್ತವೆ. ಈಶಾನ್ಯ ಇಂಗ್ಲೆಂಡಿನ ಡರಮ್ ಸೀಮೆಯ ಗಣಿ ಊರುಗಳಲ್ಲಿ ಅನೇಕ ಗೂಡುಗಳು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ, ಮನೆಗಳಿಂದ ದೂರದಲ್ಲಿವೆ. ಸಂಡರ್‌ಲೆಂಡ್ ಬಳಿಯ ರೈಹೋಪ್‌ನಲ್ಲಿ 1955ರಲ್ಲಿ ಕಟ್ಟಿದ ಇಂಥ ಒಂದು ಗೂಡು ಇಂದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಗಣಿ ಕಾರ್ಮಿಕರ ಬದುಕಿನಲ್ಲಿ ಈ ಹವ್ಯಾಸಕ್ಕಿದ್ದ ಸ್ಥಾನಕ್ಕೆ ಅದೇ ಸಾಕ್ಷಿ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ನಗರಗಳ ಅಂಚಿನಲ್ಲಿ ಹಿತ್ತಿಲುಳ್ಳ ಮನೆಗಳ ಬಡಾವಣೆಗಳು ಹಬ್ಬಿದವು, ಕೆಂಪು ನರಿಯೂ ಅವುಗಳೊಳಗೆ ಬಂದು ನೆಲೆಸಿತು. ಲಂಡನ್, ಬ್ರಿಸ್ಟಲ್‌ಗಳಲ್ಲಿ ಅದೀಗ ನಿತ್ಯ ಕಾಣುವ ಪ್ರಾಣಿ. ಗೂಡನ್ನು ನರಿಯಿಂದ ಕಾಯಲು ಸಾಕಣೆದಾರರು ಬಗೆಬಗೆಯ ಉಪಾಯಗಳನ್ನು ರೂಢಿಸಿಕೊಂಡಿದ್ದಾರೆ. ಅವುಗಳಲ್ಲಿ ಯಾವುದು ನಿಜವಾಗಿ ಕಾಯುತ್ತದೆ, ಯಾವುದು ಬರಿಯ ಸಮಾಧಾನ ಕೊಡುತ್ತದೆ ಎಂದು ತೂಗಿ ನೋಡಬೇಕಾಗಿದೆ.

ಮೊದಲು ನಷ್ಟದ ಸ್ವರೂಪವನ್ನು ತಿಳಿಯಬೇಕು. 2020ರಲ್ಲಿ ನ್ಯೂ ಕಿಮ್ ಎಂಬ ಬೆಲ್ಜಿಯಂನ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗೆ ಹರಾಜಾಯಿತು. ಅಂಥ ಬೆಲೆ ವಿರಳ. ಸಾಮಾನ್ಯ ಸಾಕಣೆದಾರನ ಹಕ್ಕಿಯ ಬೆಲೆ ಬೇರೆ ಬಗೆಯದು. ಪಾರಿವಾಳ ತಾನು ಮರಿಯಾಗಿ ಪಳಗಿದ ಗೂಡಿಗೇ ಮರಳುತ್ತದೆ. ಬೇರೆ ಗೂಡಿನಲ್ಲಿ ಹಾರಿ ಪಳಗಿದ ಹಕ್ಕಿಯನ್ನು ಕೊಂಡು ತಂದರೆ ಅದರಿಂದ ಮರಿ ಮಾಡಿಸಬಹುದು, ಆದರೆ ಅದನ್ನು ಹೊರಗೆ ಬಿಟ್ಟರೆ ಹಳೆಯ ಗೂಡಿನ ದಾರಿ ಹಿಡಿಯುವ ಸಂಭವವೇ ಹೆಚ್ಚು. ಹೀಗಾಗಿ ಒಂದು ರಾತ್ರಿ ಸತ್ತ ಪಂದ್ಯದ ತಂಡವನ್ನು ಮರುವಾರ ಹಣ ಕೊಟ್ಟು ಕಟ್ಟಲಾಗದು. ಜೋಡಿ ಕಟ್ಟಿ, ಮರಿ ಮಾಡಿಸಿ, ಪಳಗಿಸಿ, ದೂರದಿಂದ ಬಿಟ್ಟು ತರಬೇತಿ ಕೊಡುವ ಇಡೀ ಕೆಲಸ ಮೊದಲಿನಿಂದ ಆರಂಭವಾಗಬೇಕು. ತಲೆಮಾರುಗಳಿಂದ ಆರಿಸಿಕೊಂಡು ಬಂದ ತಳಿಯೇ ಅಳಿದರೆ ಮತ್ತೆ ಆರಂಭಿಸಲು ಏನೂ ಉಳಿಯುವುದಿಲ್ಲ.

ನರಿ ಗೂಡಿಗೆ ನುಗ್ಗಿದಾಗ ಒಂದೆರಡು ಹಕ್ಕಿಗೆ ನಿಲ್ಲುವುದು ಅಪರೂಪ. ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ನಡವಳಿಕೆಯನ್ನು ವಿವರಿಸಿದ್ದಾರೆ. ಇಂಗ್ಲೆಂಡಿನ ರೇವನ್‌ಗ್ಲಾಸ್ ಕರಾವಳಿಯ ಕಪ್ಪು ತಲೆಯ ಕಡಲಕ್ಕಿಗಳು ದಟ್ಟ ಕತ್ತಲೆಯ ರಾತ್ರಿಗಳಲ್ಲಿ ಹಾರಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆಗ ನರಿಗಳು ತಿನ್ನಲಾರದಷ್ಟು ಹಕ್ಕಿಗಳನ್ನು ಕೊಂದು ಬಿಟ್ಟುಹೋಗುತ್ತಿದ್ದವು. ಹಸಿವು ತೀರಿದರೂ, ಕೈಗೆಟುಕುವ ಬೇಟೆ ಓಡದೆ ಇದ್ದರೆ ಕೊಲ್ಲುವ ಪ್ರವೃತ್ತಿ ನಿಲ್ಲುವುದಿಲ್ಲ. ಕತ್ತಲೆಯ ಗೂಡಿನೊಳಗೆ ಸಿಕ್ಕಿಬಿದ್ದ ಪಾರಿವಾಳಗಳದೂ ಇದೇ ಸ್ಥಿತಿ. ಹೆಚ್ಚಾದ ಬೇಟೆಯನ್ನು ಹೂತಿಟ್ಟು ಮುಂದೆ ತಿನ್ನುವುದು ನರಿಯ ಸಹಜ ಬುದ್ಧಿ. ಇದರಲ್ಲಿ ದ್ವೇಷವಿಲ್ಲ. ಆದರೆ ಕಾವಲಿಗೆ ಸಂಬಂಧಿಸಿದಂತೆ ಇದರಿಂದ ಒಂದು ಕಠಿಣ ನಿಯಮ ಹೊರಡುತ್ತದೆ. ಸೇಕಡಾ ತೊಂಬತ್ತು ಕೆಲಸ ಮಾಡುವ ಉಪಾಯ ಇಲ್ಲಿ ಸಾಲದು, ನರಿ ಒಂದು ಸಲ ಒಳಹೊಕ್ಕರೂ ಗೂಡು ಬರಿದಾಗುತ್ತದೆ.

ಕಾಲವೂ ಸಾಕಣೆದಾರನಿಗೆ ಪ್ರತಿಕೂಲವಾಗಿದೆ. ಬ್ರಿಟನ್ನಿನ ನರಿಗಳು ಜನವರಿಯ ಸುಮಾರಿಗೆ ಕೂಡುತ್ತವೆ, ಮಾರ್ಚ್ ನಡುವಿನಲ್ಲಿ ಮರಿ ಹಾಕುತ್ತವೆ. ಏಪ್ರಿಲ್ ಕೊನೆಗೆ ಮರಿಗಳು ಬಿಲದಿಂದ ಹೊರಬರುತ್ತವೆ, ಜೂನ್‌ವರೆಗೂ ತಾಯಿತಂದೆಗಳು ಅವುಗಳಿಗೆ ಆಹಾರ ಹೊರುತ್ತವೆ. ಆ ದಿನಗಳಲ್ಲಿ ನರಿ ಹಗಲಿನಲ್ಲೂ ಬೇಟೆಗೆ ಬರುತ್ತದೆ. ದೊಡ್ಡ ಹಕ್ಕಿಗಳ ಪಂದ್ಯಗಳು ಏಪ್ರಿಲ್‌ನಿಂದ ಜುಲೈವರೆಗೆ ನಡೆಯುವುದೂ, ಎಳೆಯ ಹಕ್ಕಿಗಳನ್ನು ಹೊರಬಿಟ್ಟು ಗೂಡಿನ ಸುತ್ತಮುತ್ತಲ ಪರಿಚಯ ಮಾಡಿಸುವುದೂ ಆ ತಿಂಗಳುಗಳಲ್ಲೇ. ಇನ್ನೂ ಹಾರಲು ಬಲಿಯದ ಮರಿ ಹುಲ್ಲಿನ ಮೇಲೆ, ತಗ್ಗಿನ ಬೇಲಿಯ ಮೇಲೆ ಕೂರುತ್ತದೆ. ಹಸಿದ ನರಿ ಹತ್ತಿರದಲ್ಲೇ ಇರುತ್ತದೆ.

ಕೋಳಿಗೂಡನ್ನು ಕಾಯುವ ರೀತಿಯನ್ನೇ ಪಾರಿವಾಳದ ಗೂಡಿಗೂ ತರುವುದರಲ್ಲಿ ದೋಷವಿದೆ. ಕೋಳಿಗಳನ್ನು ಸಂಜೆ ಒಳಸೇರಿಸಿ ಬಾಗಿಲು ಹಾಕಿದರೆ ಆಯಿತು. ಪಂದ್ಯದ ಗೂಡಿನ ಬಾಗಿಲು ತೆರೆದಿರುವುದೇ ಅದರ ಉದ್ದೇಶ. ನೂರಾರು ಮೈಲಿ ದೂರದಿಂದ ಹೊರಟ ಹಕ್ಕಿ ಎದುರುಗಾಳಿಗೆ ಸಿಕ್ಕಿ ಮುಸ್ಸಂಜೆಗೆ ಬರಬಹುದು, ಮರುದಿನ ನಸುಕಿಗೂ ಬರಬಹುದು. ಅದಕ್ಕಾಗಿ ಹಕ್ಕಿ ಒಳಬರುವ ಕಿಂಡಿಯನ್ನು ತೆರೆದಿಡುತ್ತಾರೆ. ಹಿಂದೆ ಹಕ್ಕಿಯ ಕಾಲಿನ ರಬ್ಬರ್ ಉಂಗುರವನ್ನು ತೆಗೆದು ಗಡಿಯಾರಕ್ಕೆ ಹಾಕಲು ಒಡೆಯ ಅಲ್ಲೇ ಕಾದಿರಬೇಕಿತ್ತು. ಈಗ ಕಾಲಿನ ಉಂಗುರದಲ್ಲಿರುವ ಎಲೆಕ್ಟ್ರಾನಿಕ್ ಚಿಪ್ ಅನ್ನು ಯಂತ್ರವೇ ಗುರುತಿಸಿ ಸಮಯ ದಾಖಲಿಸುತ್ತದೆ. ಅನುಕೂಲ ದೊಡ್ಡದು, ಆದರೆ ತೆರೆದ ಕಿಂಡಿಯ ಬಳಿ ಮನುಷ್ಯನಿರುವ ಅಗತ್ಯವೂ ಅದರೊಂದಿಗೆ ಹೋಯಿತು. ಇನ್ನೊಂದು ಕಟ್ಟುಪಾಡು ಗಾಳಿಯದು. ಪಾರಿವಾಳಗಳಿಗೆ ಉಸಿರಾಟದ ರೋಗಗಳು ಬೇಗ ತಗಲುತ್ತವೆ, ಹಿಕ್ಕೆಯ ತೇವ ಆರಬೇಕು. ಆದ್ದರಿಂದ ಗೂಡನ್ನು ಪೆಟ್ಟಿಗೆಯ ಹಾಗೆ ಮುಚ್ಚುವಂತಿಲ್ಲ. ನರಿಯನ್ನು ತಡೆಯಬೇಕು, ಹಕ್ಕಿಯನ್ನು ಮತ್ತು ಗಾಳಿಯನ್ನು ತಡೆಯಬಾರದು, ಒಡೆಯ ಮರೆತ ದಿನವೂ ಕೆಲಸ ನಡೆಯಬೇಕು. ಪ್ರತಿಯೊಂದು ಉಪಾಯವನ್ನೂ ಈ ಅಳತೆಗೋಲಿನಿಂದ ನೋಡಬೇಕು.

ನಷ್ಟವಾದ ಮೇಲೆ ಮೊದಲು ನೆನಪಾಗುವುದು ನರಿಯನ್ನು ಕೊಲ್ಲುವ ದಾರಿ. ಕಾನೂನು ಅದನ್ನು ಪೂರ್ತಿ ಮುಚ್ಚಿಲ್ಲ, ಬಹಳ ಕಿರಿದಾಗಿಸಿದೆ. ಹಲ್ಲುಗಳುಳ್ಳ ಕಾಲುಬೋನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1958ರಿಂದ ನಿಷಿದ್ಧ. ವಿಷವಿಡುವುದು ಅಪರಾಧ. ನಾಯಿಗಳಿಂದ ಬೇಟೆಯಾಡಿಸುವುದನ್ನು 2004ರ ಕಾಯ್ದೆ ನಿಷೇಧಿಸಿತು. ತಂತಿಯ ಉರುಳನ್ನು ವೇಲ್ಸ್ 2023ರಲ್ಲಿ, ಸ್ಕಾಟ್ಲೆಂಡ್ 2024ರಲ್ಲಿ ಕಾಯ್ದೆ ತಂದು ನಿಷೇಧಿಸಿದವು. ಮುಖ್ಯವಾಗಿ ಉಳಿದದ್ದು ಪರವಾನಗಿಯ ಬಂದೂಕು ಮತ್ತು ಪಂಜರದ ಬೋನು. ಮನೆಗಳ ನಡುವೆ ಬಂದೂಕು ಅಪಾಯಕಾರಿ. ಬೋನಿಗೆ ಬಿದ್ದ ನರಿಯನ್ನು ದೂರ ಒಯ್ದು ಬಿಡುವುದು ದಯೆಯಂತೆ ಕಂಡರೂ, ಪರಿಚಯವಿಲ್ಲದ ನೆಲದಲ್ಲಿ, ಬೇರೆ ನರಿಗಳ ಸರಹದ್ದಿನಲ್ಲಿ ಅದನ್ನು ಹಿಂಸೆಗೆ ಒಡ್ಡಿದಂತಾಗುತ್ತದೆ.

ಫಲದ ದೃಷ್ಟಿಯಿಂದಲೂ ಈ ದಾರಿ ದುರ್ಬಲ. ಪ್ರತಿ ಶರತ್ಕಾಲದಲ್ಲಿ ಹೊಸ ತಲೆಮಾರಿನ ನರಿಗಳು ನೆಲೆ ಹುಡುಕುತ್ತ ಹೊರಡುತ್ತವೆ, ತೆರವಾದ ಸರಹದ್ದನ್ನು ಅವು ತುಂಬುತ್ತವೆ. ಬೇಟೆಗಾಗಿ ಹಕ್ಕಿಗಳನ್ನು ಕಾಯುವ ಎಸ್ಟೇಟುಗಳಲ್ಲಿ ಕಾವಲುಗಾರರು ವಿಶಾಲ ಪ್ರದೇಶದಲ್ಲಿ ವರ್ಷವರ್ಷವೂ ಬಿಡದೆ ಮಾಡುವ ನಿಯಂತ್ರಣಕ್ಕೆ ಫಲವಿರುವುದು ನಿಜ. ಹಿತ್ತಿಲೊಂದರ ಒಡೆಯನಿಗೆ ಅದು ಸಾಧ್ಯವಿಲ್ಲ. ಇಲ್ಲಿ ಕೊಂದ ನರಿ ನಿನ್ನೆಯ ನಷ್ಟಕ್ಕೆ ಸೇಡು ಮಾತ್ರ, ಗೂಡಿನ ದುರ್ಬಲ ಹಲಗೆ ಮುಂದಿನ ನರಿಗಾಗಿ ಹಾಗೆಯೇ ಉಳಿದಿರುತ್ತದೆ.

ಹೆದರಿಸಿ ಓಡಿಸುವ ಉಪಾಯಗಳು ಎರಡನೆಯ ಗುಂಪು. ರಾತ್ರಿಯಿಡೀ ರೇಡಿಯೊ ಹಚ್ಚಿಡುವುದು, ಚಲನೆಗೆ ಹೊತ್ತಿಕೊಳ್ಳುವ ದೀಪ, ನೀರೆರಚುವ ಯಂತ್ರ, ಕಿವಿಗೆ ಕೇಳದ ಶಬ್ದ ಹೊರಡಿಸುವ ಸಾಧನ, ಘಾಟು ವಸ್ತುಗಳು ಈ ಗುಂಪಿಗೆ ಸೇರುತ್ತವೆ. ನರಿ ಹೊಸದನ್ನು ಕಂಡರೆ ಹಿಂಜರಿಯುತ್ತದೆ, ಅಪಾಯವಿಲ್ಲವೆಂದು ತಿಳಿದ ಮೇಲೆ ಹಿಂಜರಿಕೆ ಬಿಡುತ್ತದೆ. ಬೀದಿದೀಪ, ವಾಹನ, ಮನುಷ್ಯರ ಮಾತಿನ ನಡುವೆಯೇ ಬೆಳೆದ ನಗರದ ನರಿಗೆ ರೇಡಿಯೊದ ದನಿ ಎಷ್ಟು ದಿನ ಭಯವಾಗಿ ಉಳಿದೀತು? ಅಲ್ಯೂಮಿನಿಯಂ ಅಮೋನಿಯಂ ಸಲ್ಫೇಟ್ ಇರುವ ಅನುಮೋದಿತ ಪುಡಿಯನ್ನು ನರಿ ಗುರುತು ಹಾಕಿದ ಜಾಗಕ್ಕೆ ಸಿಂಪಡಿಸಿದರೆ ಕೆಲಕಾಲ ಅದನ್ನು ದೂರವಿಡಬಹುದು, ಮಳೆ ಬಂದರೆ ಮತ್ತೆ ಸಿಂಪಡಿಸಬೇಕು. ಡೀಸೆಲ್, ನುಸಿಗುಳಿಗೆ ಮೊದಲಾದವನ್ನು ಇದಕ್ಕೆ ಬಳಸುವುದು ಕಾನೂನಿಗೆ ವಿರುದ್ಧ, ಹಕ್ಕಿಗಳ ಉಸಿರಿಗೂ ಒಳ್ಳೆಯದಲ್ಲ. ಹಗಲಲ್ಲಿ ಹಕ್ಕಿಗಳು ಹೊರಗಿರುವಾಗ ಹಿತ್ತಿಲಿನಲ್ಲಿರುವ ನಾಯಿ ಇವೆಲ್ಲಕ್ಕಿಂತ ಮೇಲು. ರಾತ್ರಿ ಅದು ಮನೆಯೊಳಗೆ ಮಲಗಿದ್ದರೆ ಗೂಡಿಗೆ ಅದರಿಂದ ಪ್ರಯೋಜನವಿಲ್ಲ. ಒಟ್ಟಿನಲ್ಲಿ ಈ ಗುಂಪು ಬೇರೆ ರಕ್ಷಣೆಗೆ ಜೊತೆಯಾಗಿ ನಿಲ್ಲಬಹುದು, ತಾನೇ ರಕ್ಷಣೆಯಾಗಲಾರದು.

ವಿದ್ಯುತ್ ಬೇಲಿಯ ವಿಷಯ ಬೇರೆ. ಮೂಗಿಗೆ ಒಮ್ಮೆ ಹೊಡೆತ ತಿಂದ ನರಿ ಆ ತಂತಿಯನ್ನು ನೆನಪಿಡುತ್ತದೆ. ನಾರ್ಫೋಕ್ ಕರಾವಳಿಯಲ್ಲಿ ಮರಳಿನ ಮೇಲೆ ಮೊಟ್ಟೆಯಿಡುವ ಪುಟ್ಟ ರೀವ ಹಕ್ಕಿಗಳ ನೆಲೆಗಳನ್ನು ನರಿಗಳಿಂದ ಕಾಯಲು ಸಂರಕ್ಷಕರು ಇಂಥ ಬೇಲಿಯನ್ನೇ ನೆಚ್ಚಿದ್ದಾರೆ. ಆದರೆ ಅಲ್ಲಿ ದಿನವೂ ನೋಡಿಕೊಳ್ಳುವವರಿರುತ್ತಾರೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ, ಬ್ಯಾಟರಿ ಬರಿದಾದರೆ ಬೇಲಿ ಬರಿಯ ತಂತಿ. ವಿದ್ಯುತ್ ಸಂಪರ್ಕವಿಲ್ಲದ ದೂರದ ತೋಟದ ತುಂಡಿನಲ್ಲಿ ಈ ಕೊರತೆ ಮತ್ತಷ್ಟು ಕಾಡುತ್ತದೆ. ಶಿಸ್ತಿನ ಒಡೆಯನಿಗೆ ಇದು ಉತ್ತಮ ಎರಡನೆಯ ಸಾಲು.

ಮೊದಲ ಸಾಲು ಕಟ್ಟಡವೇ. ಇಲ್ಲಿ ಹೆಚ್ಚು ಕಾಣುವ ತಪ್ಪು ಆರುಮೂಲೆಯ ತೆಳು ಕೋಳಿಜಾಲರಿ. ಅದು ಕೋಳಿಯನ್ನು ಒಳಗಿಡಲು ಸಾಕು, ನರಿಯನ್ನು ಹೊರಗಿಡಲು ಸಾಲದು. ನರಿ ಅದನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತದೆ. ಸುಮಾರು 1.6 ಮಿಲಿಮೀಟರ್ ದಪ್ಪದ ತಂತಿಯ, 25 ಮಿಲಿಮೀಟರ್ ಕಣ್ಣಿನ ಬೆಸುಗೆ ಜಾಲರಿ ನರಿಗೆ ಜಗ್ಗದು. ವೀಸಲ್ ಎಂಬ ಸಣ್ಣ ಬೇಟೆಪ್ರಾಣಿಯನ್ನೂ ಇಲಿಗಳನ್ನೂ ತಡೆಯಬೇಕಾದರೆ 13 ಮಿಲಿಮೀಟರ್ ಕಣ್ಣು ಬೇಕು. ಜಾಲರಿ ಎಷ್ಟೇ ಗಟ್ಟಿಯಾಗಿದ್ದರೂ ಅಂಚು ಬಿಟ್ಟರೆ ಎಲ್ಲವೂ ಬಿಟ್ಟಂತೆ. ಆದ್ದರಿಂದ ಮೊಳೆಯ ಕೊಂಡಿಗಳ ಬದಲು ಪಟ್ಟಿಯಿಟ್ಟು ತಿರುಪು ಹಾಕುವುದು ಸರಿಯಾದ ಕ್ರಮ. ಮಳೆನೀರಿಗೆ ಕೊಳೆತ ಕೆಳಹಲಗೆ, ಮೂತಿಯಿಂದ ತಳ್ಳಿದರೆ ತಿರುಗುವ ಮರದ ಚಿಲಕ ನರಿಗೆ ದಾರಿಯಾಗುತ್ತವೆ. ಬೀಗ ಹಾಕುವ ಕಬ್ಬಿಣದ ಅಗಳಿ ನರಿಯೊಂದಿಗೆ ಕಳ್ಳನನ್ನೂ ತಡೆಯುತ್ತದೆ.

ನೆಲಗಟ್ಟಿಗೆ ಇನ್ನೂ ಹೆಚ್ಚಿನ ಗಮನ ಬೇಕು. ತೇವ ತಾಗದಿರಲೆಂದು ಬ್ರಿಟಿಷ್ ಗೂಡುಗಳನ್ನು ಇಟ್ಟಿಗೆಯ ಕಂಬಗಳ ಮೇಲೆ ಎತ್ತರಿಸುವುದು ರೂಢಿ. ಗಾಳಿಗೆ ಅದು ಒಳ್ಳೆಯದು. ಎತ್ತರ ಗಿಡ್ಡವಾಗಿ ಅಡಿಯಲ್ಲಿ ಕತ್ತಲೆ ಉಳಿದರೆ ಅದೇ ನರಿಗೆ ಮರಿ ಹಾಕುವ ತಾಣವಾಗುತ್ತದೆ. ಹಲಗೆಯ ಕೆಳಗೆ ನರಿ ಓಡಾಡಿದರೂ ಮೇಲಿನ ಹಕ್ಕಿಗಳು ಕತ್ತಲೆಯಲ್ಲಿ ಬೆದರಿ ರೆಕ್ಕೆ ಬಡಿದು ಗಾಯಗೊಳ್ಳುತ್ತವೆ, ಕಾವಿನ ಮೊಟ್ಟೆಗಳು ಒಡೆಯುತ್ತವೆ, ಪಂದ್ಯದ ಹಕ್ಕಿ ವಿಶ್ರಾಂತಿ ಕಳೆದುಕೊಳ್ಳುತ್ತದೆ. ಒಳಗೆ ಬರದ ನರಿಯೂ ಹೀಗೆ ನಷ್ಟ ತರುತ್ತದೆ. ಗೂಡಿನ ಸುತ್ತ ನೆಲದೊಳಗೆ ಜಾಲರಿ ಇಳಿಸಿ, ಹೊರಮುಖವಾಗಿ ಕನಿಷ್ಠ 30 ಸೆಂಟಿಮೀಟರ್ ಅಗಲ ಹಾಸಿ ಮೇಲೆ ಕಲ್ಲುಚಪ್ಪಡಿ ಮುಚ್ಚಿದರೆ, ಗೋಡೆಯ ಬುಡದಲ್ಲಿ ಅಗೆಯುವ ನರಿಗೆ ಜಾಲರಿಯೇ ಸಿಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಹೀಗೆ ಮುಚ್ಚುವ ಮುನ್ನ ಗೂಡಿನ ಅಡಿಯಲ್ಲಿ ನರಿಮರಿಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ ಕರ್ತವ್ಯ.

ಕೊನೆಗೆ ಉಳಿಯುವುದು ಕಿಂಡಿ. ಒಳಮುಖವಾಗಿ ಮಾತ್ರ ತೂಗುವ ಕಂಬಿಗಳ ಸಾಲು ಹಕ್ಕಿ ಹೊರಹೋಗದಂತೆ ತಡೆಯುತ್ತದೆ. ಪಾರಿವಾಳ ತಳ್ಳಬಲ್ಲ ಕಂಬಿಯನ್ನು ನರಿಯೂ ತಳ್ಳಬಲ್ಲದು. ಮಡಿಸಿದ ರೆಕ್ಕೆಯ ಹಕ್ಕಿ ಇಳಿಯಲು ಬೇಕಾದ ಅಗಲದಲ್ಲಿ ತೆಳು ಮೈಯ ನರಿ, ಅದರಲ್ಲೂ ಬೆಳೆಯುವ ಮರಿ, ನುಸುಳಬಹುದು. ಹೀಗಾಗಿ ಕಿಂಡಿಯ ಗಾತ್ರದಿಂದಲೇ ರಕ್ಷಣೆ ಸಿಗದು. ಕಿಂಡಿಯ ಹಿಂದೆ ಜಾಲರಿಯಿಂದ ಕಟ್ಟಿದ, ಮಲಗುವ ಕೋಣೆಗಳಿಂದ ಬೇರ್ಪಟ್ಟ ಒಂದು ಸಣ್ಣ ಅಂಕಣ ಇದ್ದರೆ ತಡವಾಗಿ ಬಂದ ಹಕ್ಕಿ ಅಲ್ಲಿ ತಂಗುತ್ತದೆ. ಆಗ ಕಿಂಡಿ ತೆರೆದಿದ್ದರೂ ಉಳಿದ ಹಕ್ಕಿಗಳಿಗೆ ಅಪಾಯವಿಲ್ಲ. ಬೆಳಕು ನೋಡಿ ತಾನಾಗಿ ಮುಚ್ಚುವ ಬಾಗಿಲು ಮರೆವಿಗೆ ಮದ್ದು, ಆದರೆ ಪಂದ್ಯದ ದಿನ ತಡವಾದ ಹಕ್ಕಿಯನ್ನು ಹೊರಗೆ ಉಳಿಸುತ್ತದೆ. ಅಂಕಣವಿದ್ದರೆ ಒಳಬಾಗಿಲಿಗೆ ಆ ಯಂತ್ರವನ್ನು ಜೋಡಿಸಬಹುದು, ಎರಡೂ ತೊಂದರೆ ನೀಗುತ್ತವೆ.

ಬೆಲ್ಜಿಯಂನ ಹಳೆಯ ರೂಢಿ ಇಲ್ಲಿ ಹೋಲಿಕೆಗೆ ಯೋಗ್ಯ. ಅಲ್ಲಿ ಅನೇಕರು ಹಕ್ಕಿಗಳನ್ನು ಮನೆಯ ಹೆಂಚಿನಡಿಯ ಅಟ್ಟದಲ್ಲಿ ಸಾಕುತ್ತಿದ್ದರು. ಅಟ್ಟ ಒಣಗಿರುತ್ತದೆ, ಬೆಚ್ಚಗಿರುತ್ತದೆ, ನರಿಗೆ ಎಟುಕುವುದಿಲ್ಲ. ಬೆಂಗಳೂರು, ಚೆನ್ನೈಗಳ ಪಂದ್ಯದ ಪಾರಿವಾಳಗಳೂ ಹೆಚ್ಚಾಗಿ ತಾರಸಿಯ ಮೇಲೆ ಸಾಕಿದವು, ಅಲ್ಲಿ ಕಾಟ ಬೆಕ್ಕು ಮತ್ತು ಗಿಡುಗಗಳದು. ಎತ್ತರವನ್ನು ಎಲ್ಲರೂ ಪಡೆಯಲಾಗದಿದ್ದರೂ, ಗೂಡು ಎಲ್ಲಿರಬೇಕೆಂಬ ನಿರ್ಧಾರವೇ ಅರ್ಧ ಕಾವಲು ಎಂಬುದನ್ನು ಈ ರೂಢಿಗಳು ತೋರಿಸುತ್ತವೆ.

ಈ ಎಲ್ಲವನ್ನೂ ತೂಗಿದಾಗ ತೀರ್ಮಾನ ಸ್ಪಷ್ಟ. ಬ್ರಿಟನ್ನಿನ ರೂಢಿಯಲ್ಲಿ ಕ್ರಮ ತಲೆಕೆಳಗಾಗಿದೆ. ಗೂಡು ಕಟ್ಟುವಾಗ ಉಳಿಸಿದ ಹಣವನ್ನು ನಷ್ಟದ ನಂತರ ಬೋನಿಗೆ, ಬಂದೂಕಿಗೆ, ದೀಪಕ್ಕೆ ಸುರಿಯಲಾಗುತ್ತದೆ. ನರಿ ತನ್ನ ಮರಿಗಳಿಗಾಗಿ ಬೇಟೆಯಾಡುತ್ತದೆ, ಅದನ್ನು ತಿದ್ದಲಾಗದು. ಗೂಡನ್ನು ತಿದ್ದಬಹುದು. ಹೊಸ ಗೂಡು ಕಟ್ಟುವವರು ಮೊದಲ ಹಣವನ್ನು ನೆಲಗಟ್ಟಿಗೆ, ಎರಡನೆಯದನ್ನು ಗಟ್ಟಿ ಜಾಲರಿ ಮತ್ತು ಅಗಳಿಗೆ, ಮೂರನೆಯದನ್ನು ಕಿಂಡಿಯ ಅಂಕಣಕ್ಕೆ ಮೀಸಲಿಡಬೇಕು. ಹಳೆಯ ಗೂಡುಳ್ಳವರು ಚಳಿಗಾಲದಲ್ಲಿ, ನರಿ ಮರಿ ಹಾಕುವ ಮುನ್ನ, ಕೆಳಹಲಗೆಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸಿ ಕೊಳೆತವನ್ನು ಬದಲಿಸಬೇಕು. ಹೀಗೆ ಕಾದ ಗೂಡಿನಲ್ಲಿ ಪಾರಿವಾಳವೂ ಉಳಿಯುತ್ತದೆ, ನರಿಯನ್ನು ಕೊಲ್ಲುವ ಅಗತ್ಯವೂ ಬಹುಮಟ್ಟಿಗೆ ಇಲ್ಲವಾಗುತ್ತದೆ.