‘ಕುಲಗಳ ನಗರ’ ಮತ್ತು ಗೋಡೆಯಾಚೆಯ ನುಡಿ

ಐರ್ಲೆಂಡಿನ ಪಡುವಣ ಕರೆಯಲ್ಲಿರುವ ಗಾಲ್ವೇ ನಗರವನ್ನು ಕುರಿತು ಜೇಮ್ಸ್ ಜಾಯ್ಸನು 1912ರಲ್ಲಿ ಟ್ರಿಯೆಸ್ಟೆಯ ಪತ್ರಿಕೆಯೊಂದಕ್ಕೆ ಇಟಾಲಿಯನ್ ಭಾಷೆಯಲ್ಲಿ ಒಂದು ಲೇಖನವನ್ನು ಬರೆದನು. ‘ಕುಲಗಳ ನಗರ’ ಎಂಬುದು ಅದರ ತಲೆಬರಹ. ಐರಿಷ್ ಬಂದರಿನಲ್ಲಿ ಇಟಲಿಯ ನೆನಪುಗಳನ್ನು ಅರಸುವುದು ಅದರ ಗುರಿ. ಹಳೆಯ ಕಡಲ ವ್ಯಾಪಾರದ ವೈಭವ, ‘ಸ್ಪೇನಿನ ನಗರ’ವೆಂಬ ಕೀರ್ತಿ, ಸ್ವಂತ ಮಗನನ್ನೇ ಗಲ್ಲಿಗೇರಿಸಿದನೆಂಬ ನಗರಾಧ್ಯಕ್ಷ ಲಿಂಚನ ಐತಿಹ್ಯ, ಇವೆಲ್ಲ ಅಲ್ಲಿ ಸೊಗಸಾಗಿ ಬಂದಿವೆ. ಜಾಯ್ಸನ ಸಂಗಾತಿ ನೋರಾ ಬಾರ್ನಕಲ್ ಈ ಊರಿನವಳೇ. ಆದರೂ ಲೇಖನದ ಕಣ್ಣು ಯಾತ್ರಿಕನದು, ಅಳಿಯನದಲ್ಲ.

ಈ ಸೊಗಸಿಗೆ ಮರುಳಾದವರು ಅನೇಕರು. ಇಂದಿಗೂ ‘ಸ್ಪ್ಯಾನಿಷ್ ಕಮಾನು’ ಎನಿಸಿಕೊಳ್ಳುವ ಕಟ್ಟಡ 1584ರಲ್ಲಿ ಕೋಟೆಗೋಡೆಯ ಮುಂದುವರಿಕೆಯಾಗಿ ಎದ್ದುದೇ ಹೊರತು ಸ್ಪೇನಿನವರು ಕಟ್ಟಿದುದಲ್ಲ. ‘ಕುಲಗಳು’ ಎಂದರೆ ನಗರವನ್ನಾಳಿದ ಹದಿನಾಲ್ಕು ವರ್ತಕ ಮನೆತನಗಳು. ಅವುಗಳಲ್ಲಿ ಕರ್ವನ್ ಮತ್ತು ಡಾರ್ಸಿ ಎಂಬೆರಡು ಮಾತ್ರ ಐರಿಷ್ ಮೂಲದವು. ಹೆಸರಿನಲ್ಲಿ ‘ಓ’ ಅಥವಾ ‘ಮ್ಯಾಕ್’ ಉಳ್ಳವರು ಬೀದಿಗಳಲ್ಲಿ ಮೆರೆಯಕೂಡದೆಂದು 1518ರಲ್ಲಿ ಕಟ್ಟಳೆಯಾಯಿತು. ಆ ಹೆಸರಿನವರ ನುಡಿ ಗೋಡೆಯಾಚೆ, ಬೆಸ್ತರ ಕೇರಿಯಾದ ಕ್ಲಾಡಾದಲ್ಲಿ ಬದುಕಿತು. ಆ ಕೇರಿಯ ಹುಲ್ಲುಮಾಡಿನ ಮನೆಗಳನ್ನು 1930ರ ದಶಕದಲ್ಲಿ ಕೆಡವಲಾಯಿತು. ಅದರ ಹೆಸರಿನ ಉಂಗುರ ಮಾತ್ರ ಜಗತ್ತಿನ ಬೆರಳುಗಳನ್ನೆಲ್ಲ ಸುತ್ತಿತು.

ಜಾಯ್ಸನಿಗೆ ಅನ್ಯಾಯ ಮಾಡಲಾಗದು. 1914ರಲ್ಲಿ ಅಚ್ಚಾದ ‘ದಿ ಡೆಡ್’ ಕಥೆಯಲ್ಲಿ ಗಾಲ್ವೇ ಬರುವುದು ಸ್ಪೇನಿನ ವೇಷದಲ್ಲಲ್ಲ. ಗ್ಯಾಸ್ ಕಾರ್ಖಾನೆಯಲ್ಲಿ ದುಡಿದು, ಮಳೆಯಲ್ಲಿ ನೆನೆದು, ಎಳೆಯ ವಯಸ್ಸಿನಲ್ಲೇ ಸತ್ತ ಹುಡುಗನೊಬ್ಬನ ನೆನಪಾಗಿ. ಐರಿಷ್ ತನ್ನ ನುಡಿಯಲ್ಲವೆಂದು ಅದೇ ಸಂಜೆ ವಾದಿಸಿದ ಗೇಬ್ರಿಯಲನನ್ನು ಸೋಲಿಸುವುದು ಆ ನೆನಪೇ. ಲೇಖನಕಾರನು ಕಾಣದುದನ್ನು ಕಥೆಗಾರನು ಮೊದಲೇ ಕಂಡಿದ್ದನು.

ಆದರೆ ಗಾಲ್ವೇಯನ್ನು ಒಳಗಿನಿಂದ ಬಲ್ಲವನು ಪಾಡ್ರಿಗ್ ಓ ಕೊನೆರ. 1882ರಲ್ಲಿ ಬಂದರುಕಟ್ಟೆಯ ಬಳಿ ಹುಟ್ಟಿ, ತಂದೆತಾಯಿಗಳನ್ನು ಕಳೆದುಕೊಂಡು, ಐರಿಷ್ ನಾಡಾದ ರೋಸ್ಮಕ್ಕಿನಲ್ಲಿ ಕೆಲಕಾಲ ಬೆಳೆದು, ಲಂಡನ್ನಿನಲ್ಲಿ ಗುಮಾಸ್ತನಾದವನು. 1910ರಲ್ಲಿ ಬಂದ ಆತನ ಐರಿಷ್ ಕಾದಂಬರಿಯ ಹೆಸರಿಗೆ ‘ಪರದೇಶವಾಸ’ ಎಂದರ್ಥ. ಲಂಡನ್ನಿನಲ್ಲಿ ಮೋಟಾರಿಗೆ ಸಿಕ್ಕಿ ಕೈಕಾಲು ಕಳೆದುಕೊಂಡವನು ಪರಿಹಾರದ ಹಣವನ್ನು ಪೋಲುಮಾಡಿ ಸರ್ಕಸ್ಸಿನಲ್ಲಿ ವಿಕಾರ ಪ್ರದರ್ಶನದ ವಸ್ತುವಾಗುತ್ತಾನೆ. ಆಕಸ್ಮಿಕಗಳು ಅತಿಯಾದುವು, ಭಾವಾತಿರೇಕವೂ ಉಂಟು, ಒಪ್ಪಬೇಕಾದ ಮಾತು. ಆದರೆ ಹಳ್ಳಿಯ ಬಾಳಿಗಷ್ಟೇ ತಕ್ಕುದೆಂದು ಬಗೆದಿದ್ದ ನುಡಿಯಲ್ಲಿ ಮಹಾನಗರದ ಅನಾಥತೆಯನ್ನು ನಿಲ್ಲಿಸಿದ ಧೈರ್ಯ ಬೇರಾರದು?

ಓ ಕೊನೆರ 1928ರಲ್ಲಿ ತೀರಿಕೊಂಡನು. ಅದೇ ವರ್ಷ ಗಾಲ್ವೇಯ ನಡುಬೀದಿಯಲ್ಲಿ ಐರಿಷ್ ನುಡಿಯ ರಂಗಮಂದಿರ ‘ಟೈವ್ಯಾರ್ಕ್’ ತೆರೆಯಿತು. ಅದರ ಮೊದಲ ನಾಟಕವನ್ನು ಬರೆದ ಮಿಹಾಲ್ ಮ್ಯಾಕ್ ಲಿಯಾಮೋರ್ ಹುಟ್ಟಿದುದು ಲಂಡನ್ನಿನಲ್ಲಿ, ಇಂಗ್ಲಿಷ್ ಮನೆತನದಲ್ಲಿ. ಆ ‘ಮ್ಯಾಕ್’ ಆತನು ತಾನೇ ಆರಿಸಿಕೊಂಡುದು.