ಗುಡಿಗಷ್ಟೇ ಕಾವಲು, ಗುಡ್ಡಕ್ಕಿಲ್ಲ

ಬಾದಾಮಿಯಲ್ಲಿ ಮಳೆ ಜೋರಾಗಿ ಹೊಡೆದರೆ ಭೂತನಾಥ ಗುಡಿಯ ಹತ್ತಿರ ಕೆಂಪು ಬಂಡೆಗಳ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಅಗಸ್ತ್ಯತೀರ್ಥ ಕೆರೆಗೆ ನೀರು ಬರುತ್ತದೆ. ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯೂ ಇದೇ ಗುಡ್ಡಸಾಲಿನಲ್ಲಿದೆ. ಚಾಲುಕ್ಯರು ಗುಡ್ಡ, ಕೆರೆ, ಗುಡಿ ಮೂರನ್ನೂ ಕೂಡಿಸಿಯೇ ಊರು ಕಟ್ಟಿದ್ದರು. ನಮ್ಮ ಕಾಯ್ದೆ ಅವನ್ನು ಬಿಡಿಸಿ ನೋಡುತ್ತದೆ.

ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಗೆರೆ ಇಲ್ಲದಿದ್ದರೆ ಕೆರೆಯ ದಂಡೆಗೆ ಲಾಡ್ಜುಗಳು ಸಾಲುಗಟ್ಟುತ್ತಿದ್ದವು. ಅಷ್ಟರ ಮಟ್ಟಿಗೆ ಕಾಯ್ದೆ ಗೆದ್ದಿದೆ. ಆದರೆ ಕಲ್ಲಿನ ಗೋಡೆಯಿಂದ ಟೇಪು ಹಿಡಿದು ಅಳೆದರೆ ನೀರಿನ ದಾರಿ ಲೆಕ್ಕಕ್ಕೆ ಸಿಗುವುದಿಲ್ಲ. ಕೆರೆಗೆ ನೀರು ತರುವ ಹಳ್ಳ ಗೆರೆಯಾಚೆ ಮುಚ್ಚಿಹೋದರೆ ಈ ಕಾಯ್ದೆಗೆ ಅದು ಕಾಣುವುದೇ ಇಲ್ಲ.

ಕಾಯ್ದೆಯ ಎರಡನೆಯ ಕೊರತೆ ಜನರ ವಿಷಯದ್ದು. ಐಹೊಳೆಯಲ್ಲಿ ಗುಡಿಗಳ ಮಗ್ಗುಲಲ್ಲೇ ಮನೆಗಳಿವೆ. ಮಗನ ಮದುವೆಯಾದರೂ ಇನ್ನೊಂದು ಖೋಲಿ ಕಟ್ಟುವಂತಿಲ್ಲ. ಸ್ಥಳಾಂತರದ ಮಾತು ಮಾತ್ರ ದಶಕಗಳಿಂದ ನಡೆದೇ ಇದೆ. ಆಲಮಟ್ಟಿ ಹಿನ್ನೀರು ಬಾಗಲಕೋಟೆಗೆ ಏರಿ ಬಂದಾಗ ಸರಕಾರ ನವನಗರವನ್ನೇ ಕಟ್ಟಿತು. ಮನೆ ಮುಳುಗಿದವರಿಗೆ ಕೊಟ್ಟಂಥ ನಿವೇಶನವನ್ನು ಪರಂಪರೆಯ ಹೊರೆ ಹೊತ್ತವರಿಗೂ ಕೊಡಬೇಕು. ಬದಲಿ ಜಾಗ ಕೊಡದೆ ಹೇರುವ ನಿಷೇಧ ನ್ಯಾಯವಲ್ಲ.

ಇಳಕಲ್ಲ, ಹುನಗುಂದದ ಕಡೆ ಬಂದರೆ ಕಥೆಯೇ ಬೇರೆ. ಇಲ್ಲಿನ ಗುಲಾಬಿ ಗ್ರಾನೈಟ್ ದೂರದ ದೇಶಗಳ ಕಟ್ಟಡಗಳಿಗೆ ಹೋಗುತ್ತದೆ, ಸಾವಿರಾರು ಜನಕ್ಕೆ ಕೂಲಿ ಕೊಡುತ್ತದೆ. ಅದು ನಿಲ್ಲಲಿ ಎನ್ನುವುದು ನನ್ನ ವಾದವಲ್ಲ. ಆದರೆ ಸೀಳು ಕಂಡ, ಬಣ್ಣ ಕೆಟ್ಟ ಬಂಡೆಗಳನ್ನೆಲ್ಲ ಕ್ವಾರಿಯ ಪಕ್ಕಕ್ಕೇ ಒಟ್ಟುತ್ತಾರೆ. ಒಳ್ಳೆಯ ಕಲ್ಲು ಹೋದ ಮೇಲೆ ಊರಿಗೆ ಉಳಿಯುವುದು ಆ ರಾಶಿ ಮತ್ತು ಹೊಂಡ. ಗಣಿಗಾರಿಕೆ ಮುಗಿದ ನೆಲವನ್ನು ಸರಿಪಡಿಸಬೇಕೆಂದು 1999ರ ಗ್ರಾನೈಟ್ ನಿಯಮಗಳೇ ಹೇಳುತ್ತವೆ. ಬೇಕಾದದ್ದು ಹೊಸ ಕಾನೂನಲ್ಲ, ಇದ್ದುದರ ಪಾಲನೆ.

ಬರೀ ಕುರುಚಲು ಎಂದು ಕಡೆಗಣಿಸುವ ನೆಲಕ್ಕೂ ಬೆಲೆಯುಂಟೆಂದು ಇದೇ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ತೋರಿಸಿದೆ. ಚಿಂಕಾರ ಎಂಬ ಹುಲ್ಲೆಗಳಿಗಾಗಿ 2016ರಲ್ಲಿ ಅದು ವನ್ಯಜೀವಿಧಾಮವಾಯಿತು. ಎಲ್ಲ ಗುಡ್ಡಗಳೂ ಅಭಯಾರಣ್ಯ ಆಗಲಾರವು, ಆಗಬೇಕಾಗಿಯೂ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಒಂದು ಸಮಿತಿ ಇರಬೇಕೆನ್ನುತ್ತದೆ. ಆ ಸಮಿತಿ ಊರಿನ ಹಳ್ಳ, ಗೋಮಾಳ, ಗುಡ್ಡಗಳ ನಕ್ಷೆ ಬರೆಯಲಿ. ಲೇಔಟಿಗಾಗಲಿ ಕ್ವಾರಿಗಾಗಲಿ ಅನುಮತಿ ಕೊಡುವ ಮೊದಲು ಆ ನಕ್ಷೆ ಗ್ರಾಮಸಭೆಯ ಮುಂದೆ ಬರಲಿ. ಬೆಳವಣಿಗೆಗೆ ಗೆರೆ ಎಳೆಯುವ ಹಕ್ಕು ಊರಿನ ನೀರು ಕುಡಿಯುವವರಿಗೆ ಮೊದಲು ಸೇರಬೇಕು.